ಇಂದಿನ ಧಮ್ಮ ಚಿಂತನೆ: ತಳದಲ್ಲಿ ಮಲಗಿದ ಮೀನು





ಕಳೆದ ಭಾನುವಾರ ನಮ್ಮ ಅಧ್ಯಯನ ವರ್ಗಕ್ಕೆ ನಾನು ಬರಲಿಲ್ಲ. ಫೋನ್ ಮಾಡಿ ವಿಚಾರಿಸಿದವರಿಗೆ "ಮನೆಯಲ್ಲಿ ಸ್ವಲ್ಪ ಹುಷಾರಿಲ್ಲ" ಎಂದಷ್ಟೇ ಹೇಳಿದೆ. ಯಾರಿಗೆ ಎಂದು ಹೇಳಲು ಸಂಕೋಚವಾಯಿತು. ಹುಷಾರಿಲ್ಲದ್ದು ಒಂದು ಮೀನಿಗೆ. ಹಾಗೆ ಮುಚ್ಚಿಟ್ಟದ್ದು ನಾಲ್ಕನೆಯ ಶೀಲಕ್ಕೆ ಒಪ್ಪುತ್ತದೆಯೇ ಎಂಬ ಚರ್ಚೆ ಇನ್ನೊಂದು ದಿನಕ್ಕಿರಲಿ.

ಮಗಳ ಹುಟ್ಟುಹಬ್ಬಕ್ಕೆ ತಂದ ಬೆಟ್ಟಾ ಮೀನು ಅದು. ಅಂಗಡಿಗಳಲ್ಲಿ ಫೈಟರ್ ಎನ್ನುತ್ತಾರೆ. ಕಡುನೀಲಿ ಮೈ, ಸೆರಗಿನಂತೆ ಹರಡುವ ಬಾಲ. ಎರಡು ಗಂಡುಗಳನ್ನು ಒಟ್ಟಿಗೆ ಬಿಟ್ಟರೆ ಕಚ್ಚಾಡುತ್ತವೆಂದು ಒಂದೊಂದನ್ನೂ ಒಂದೊಂದು ಪ್ಲಾಸ್ಟಿಕ್ ಲೋಟದಲ್ಲಿ ಇಟ್ಟಿದ್ದರು. "ಇದಕ್ಕೆ ಏನೂ ಬೇಡ ಮೇಡಂ, ಬೌಲ್ ಸಾಕು. ಫಿಲ್ಟರ್ ಬೇಡ, ಹೀಟರ್ ಬೇಡ" ಎಂದ ಅಂಗಡಿಯ ಹುಡುಗ. ಏನೂ ಬೇಡ ಎಂಬ ಮಾತು ನಮ್ಮ ಜೇಬಿಗೂ ಹಿತವಾಗಿ ಕೇಳಿಸಿತು, ನಾವು ಮರುಪ್ರಶ್ನೆ ಹಾಕಲಿಲ್ಲ. ಎರಡು ಲೀಟರಿನ ಗಾಜಿನ ಬೌಲ್ ತಂದು, ಚೆಂದ ಕಾಣಲಿ ಎಂದು ಕಿಟಕಿಯ ಬಳಿ, ಬುದ್ಧನ ಮೂರ್ತಿಯ ಪಕ್ಕದಲ್ಲಿ ಇಟ್ಟೆವು.

ಡಿಸೆಂಬರಿನ ಚಳಿ ಬಂತು, ಮೀನು ಮಂಕಾಯಿತು. ದಿನವಿಡೀ ತಳದಲ್ಲಿ ಒರಗಿರುವುದು, ಆಗಾಗ ಮೇಲೆ ಬಂದು ಒಂದು ಗುಟುಕು ಗಾಳಿ ನುಂಗಿ ಮತ್ತೆ ಕೆಳಗೆ ಇಳಿಯುವುದು. ಬೆಟ್ಟಾಕ್ಕೆ ಕಿವಿರಿನ ಜೊತೆಗೆ ನೇರವಾಗಿ ಗಾಳಿಯನ್ನೇ ಉಸಿರಾಡುವ ಒಂದು ಅಂಗವಿದೆ. ಥಾಯ್ಲೆಂಡಿನ ಭತ್ತದ ಗದ್ದೆಗಳ, ಜೌಗುಗಳ ನಿಂತ ನೀರಿನಲ್ಲಿ ಅದು ಬದುಕುವುದು ಹೀಗೆ. ನಮ್ಮ ಮೀನಿಗೆ ಆ ಒಂದು ಗುಟುಕಿಗಾಗಿ ಮೇಲೇರುವುದೇ ಬೆಟ್ಟ ಹತ್ತಿದಂತಾಗಿತ್ತು.

ನಾವು ಸುಮ್ಮನೆ ಕೂರಲಿಲ್ಲ. ದಿನಾ ಬೌಲಿನ ನೀರೆಲ್ಲ ಚೆಲ್ಲಿ, ತಿಕ್ಕಿ ತೊಳೆದು, ನಲ್ಲಿಯ ತಣ್ಣೀರು ತುಂಬಿದೆವು. ನಿಶ್ಶಕ್ತಿ ಇರಬೇಕೆಂದು ಆಹಾರ ಎರಡು ಪಟ್ಟು ಹಾಕಿದೆವು. ಗಾಜಿನ ಮೇಲೆ ಬೆರಳಲ್ಲಿ ತಟ್ಟಿದೆವು. ಕೊನೆಗೆ ಯಾರೋ ಹೇಳಿದರೆಂದು ಕನ್ನಡಿ ತೋರಿಸಿದೆವು. ತಕ್ಷಣ ಮೀನು ಕಿವಿರಿನ ಮುಚ್ಚಳ ಅಗಲಿಸಿ, ಬಾಲ ಬಿಡಿಸಿ ಎದ್ದು ನಿಂತಿತು. "ಅಮ್ಮಾ, ಚುರುಕಾಯ್ತು!" ಎಂದು ಮಗಳು ಕುಣಿದಳು, ನಾನೂ ನಕ್ಕೆ. ಆದರೆ ಅದು ಚುರುಕಲ್ಲ, ದ್ವೇಷ. ಕನ್ನಡಿಯಲ್ಲಿ ಕಂಡದ್ದು ತನ್ನದೇ ಬಿಂಬ ಎಂದು ತಿಳಿಯದೆ, ಇದ್ದ ಅಲ್ಪ ಶಕ್ತಿಯನ್ನೂ ಇಲ್ಲದ ವೈರಿಯ ಮೇಲೆ ಸುರಿಯುತ್ತಿತ್ತು. ಮರುದಿನ ಬೆಳಿಗ್ಗೆ ಮೇಲೆ ಬರುವುದೂ ಕಡಿಮೆಯಾಯಿತು.

ಬಂಧುಗಳೇ, ನನಗೆ ನಾಚಿಕೆಯಾದದ್ದು ಇಲ್ಲಿ. ಪ್ರತಿದಿನ ಬೆಳಗಿನ ಜಾವ ಆ ಬೌಲಿನ ಎದುರೇ ಕೂತು ಸಕಲ ಜೀವಿಗಳೂ ಸುಖವಾಗಿರಲೆಂದು ಮೈತ್ರಿ ಭಾವನೆ ಮಾಡುತ್ತಿದ್ದವಳು ನಾನು. ಒಂದು ಮೊಳ ದೂರದಲ್ಲಿದ್ದ ಜೀವದ ನೀರು ಎಷ್ಟು ತಣ್ಣಗಿದೆ ಎಂದು ಒಂದು ದಿನವೂ ಬೆರಳಿಟ್ಟು ನೋಡಿರಲಿಲ್ಲ. ಆ ಶನಿವಾರ ಥರ್ಮಾಮೀಟರ್ ತಂದು ಇಳಿಬಿಟ್ಟರೆ 19 ಡಿಗ್ರಿ. ಈ ಮೀನಿಗೆ ಬೇಕಾದದ್ದು 24ರಿಂದ 28.

ವಿನಯಪಿಟಕದ ಮಹಾವಗ್ಗದ ಪ್ರಸಂಗ ನಿಮಗೆಲ್ಲ ಗೊತ್ತು. ಹೊಟ್ಟೆ ಕೆಟ್ಟು ತನ್ನದೇ ಮಲಮೂತ್ರದಲ್ಲಿ ಬಿದ್ದಿದ್ದ ಭಿಕ್ಷುವನ್ನು ಯಾರೂ ನೋಡಿಕೊಳ್ಳುತ್ತಿರಲಿಲ್ಲ, ಅವನಿಂದ ಉಳಿದವರಿಗೆ ಯಾವ ಉಪಯೋಗವೂ ಇರಲಿಲ್ಲವಲ್ಲ. ಬುದ್ಧರು ನೀರು ಹೊಯ್ದರು, ಆನಂದ ಮೈ ತೊಳೆದ, ಇಬ್ಬರೂ ಎತ್ತಿ ಮಂಚದ ಮೇಲೆ ಮಲಗಿಸಿದರು. ನಾವು ಈ ಕತೆಯನ್ನು ಕರುಣೆಯ ಕತೆಯಾಗಿ ಹೇಳಿ ಅಲ್ಲಿಗೇ ನಿಲ್ಲಿಸುತ್ತೇವೆ. ಆದರೆ ಅದರ ಬೆನ್ನಿಗೇ, ರೋಗಿಯ ಶುಶ್ರೂಷೆ ಮಾಡುವವರಿಗೆ ಇರಬೇಕಾದ ಐದು ಗುಣಗಳನ್ನು ಬುದ್ಧರು ಹೇಳುತ್ತಾರೆ. ಮೊದಲು ಬರುವುದು ಪ್ರೀತಿಯಲ್ಲ, ಔಷಧ ಸಿದ್ಧಪಡಿಸುವ ಸಾಮರ್ಥ್ಯ. ಎರಡನೆಯದು ಯಾವುದು ಹಿತ, ಯಾವುದು ಅಹಿತ ಎಂಬ ತಿಳಿವಳಿಕೆ, ಹಿತವಾದದ್ದನ್ನು ತರುವುದು, ಅಹಿತವಾದದ್ದನ್ನು ತೆಗೆಯುವುದು. ಮೈತ್ರಿಯ ಮನಸ್ಸು ಬರುವುದು ಮೂರನೆಯದಾಗಿ. ಮಲ, ವಾಂತಿ ಎತ್ತಲು ಹೇಸದಿರುವುದು, ಧಮ್ಮದ ಮಾತಿನಿಂದ ಧೈರ್ಯ ತುಂಬುವುದು ಉಳಿದೆರಡು. ನನ್ನಲ್ಲಿ ಮೂರನೆಯದು ಬೇಕಾದಷ್ಟಿತ್ತು, ಮೊದಲೆರಡು ಇರಲಿಲ್ಲ.

ಆ ಭಿಕ್ಷುವನ್ನು ನಿನಗೇನು ಕಾಯಿಲೆ ಎಂದು ಕೇಳಬಹುದಿತ್ತು, ಅವನು ಹೇಳಿದ. ಮೀನು ಹೇಳುವುದಿಲ್ಲ. ಅದರ ಪರವಾಗಿ ನೀರನ್ನು ಕೇಳಬೇಕು.

ನೀರು ಹೇಳಿದ್ದು ಇಷ್ಟು. ಮೀನಿನ ಮಲದಿಂದ, ತಿನ್ನದೆ ಉಳಿದು ಕೊಳೆತ ಆಹಾರದಿಂದ ಅಮೋನಿಯಾ ಹುಟ್ಟುತ್ತದೆ. ಅದು ಕಣ್ಣಿಗೆ ಕಾಣದ ವಿಷ, ಪುಟ್ಟ ಬೌಲಿನಲ್ಲಿ ಬೇಗ ಏರುತ್ತದೆ. ಫಿಲ್ಟರಿನ ಸ್ಪಂಜಿನಲ್ಲಿ ನೆಲೆಸುವ ಬ್ಯಾಕ್ಟೀರಿಯಾಗಳು ಅದನ್ನು ಹಂತಹಂತವಾಗಿ ಕಡಿಮೆ ಅಪಾಯದ ನೈಟ್ರೇಟ್ ಆಗಿ ಮಾಡುತ್ತವೆ. ನಲ್ಲಿ ನೀರಿನ ಕ್ಲೋರಿನ್ ಆ ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತದೆ, ಮೀನಿನ ಕಿವಿರನ್ನೂ ಸುಡುತ್ತದೆ. ನಾವು ಶುಚಿ ಎಂದುಕೊಂಡದ್ದೇ ಅಹಿತವಾಗಿತ್ತು. ಮಂಕು ಮೀನಿನೊಳಗೆ ತಾನಾಗಿ ಹುಟ್ಟಿದ್ದಲ್ಲ. ಇದು ಇದ್ದುದರಿಂದ ಅದು ಆಯಿತು ಎಂಬ ಪಟಿಚ್ಚಸಮುಪ್ಪಾದವನ್ನು ಕಪ್ಪುಹಲಗೆಯ ಮೇಲೆ ಬರೆದು ವಿವರಿಸಿದ್ದೇನೆ, ಬೌಲಿನಲ್ಲಿ ಕಂಡಿರಲಿಲ್ಲ.

ಈಗ ಇಪ್ಪತ್ತು ಲೀಟರಿನ ತೊಟ್ಟಿ, ಮೆಲ್ಲಗೆ ಗುಳ್ಳೆ ಬಿಡುವ ಸ್ಪಂಜ್ ಫಿಲ್ಟರ್, ಸಣ್ಣ ಹೀಟರ್ ಬಂದಿವೆ. ಉಷ್ಣತೆಯನ್ನು ಒಮ್ಮೆಲೇ ಏರಿಸದೆ ನಿಧಾನವಾಗಿ ಏರಿಸಿದೆವು. ಒಂದು ದಿನ ಪೂರ್ತಿ ಉಪವಾಸ, ಆಮೇಲೆ ಹೊತ್ತಿಗೆ ಎರಡೇ ಕಾಳು. ಉಸಿರಿಗೆ ದೂರವಾಗದಿರಲೆಂದು ಮೊದಲು ನೀರು ಕಡಿಮೆಯೇ ಇತ್ತು. ಬ್ಯಾಕ್ಟೀರಿಯಾ ನೆಲೆಯೂರಲು ಕೆಲವು ವಾರ ಬೇಕಂತೆ, ಅಲ್ಲಿಯವರೆಗೆ ದಿನ ಬಿಟ್ಟು ದಿನ ಕಾಲುಭಾಗ ನೀರು ಬದಲಿಸುವುದು, ಕ್ಲೋರಿನ್ ತೆಗೆದು, ತೊಟ್ಟಿಯಷ್ಟೇ ಬೆಚ್ಚಗೆ ಮಾಡಿ. ನಮ್ಮ ಶಾಲೆಯ ಅಂಗಳದ ಬಾದಾಮಿ ಮರದ ಒಣಗಿದ ಎಲೆಯೊಂದನ್ನು ತೊಳೆದು ಹಾಕಿದ್ದೇನೆ. ಥಾಯ್ಲೆಂಡಿನಲ್ಲಿ ಬೆಟ್ಟಾ ಸಾಕುವವರು ಬಳಸುವ ಎಲೆ ಅದು, ನೀರು ಚಹಾದ ಬಣ್ಣಕ್ಕೆ ತಿರುಗುತ್ತದೆ. ಮೀನು ಅದರ ಕೆಳಗೆ ಹೋಗಿ ಅಡಗುತ್ತದೆ.

ಆ ಎಲೆ ಹೆಕ್ಕುವಾಗ ಕೊನೆಯ ಬೆಂಚಿನ ಒಬ್ಬ ಹುಡುಗ ನೆನಪಾದ. ಪಾಠದ ಹೊತ್ತು ಡೆಸ್ಕಿನ ಮೇಲೆ ತಲೆಯಿಟ್ಟು ಮಲಗುವವನು. ನಾನು ಅವನ ಡೆಸ್ಕನ್ನೂ ಹೀಗೇ ತಟ್ಟುತ್ತಿದ್ದೆ. ಸೋಮವಾರ ಪಕ್ಕಕ್ಕೆ ಕರೆದು, "ಬೆಳಿಗ್ಗೆ ಎಷ್ಟು ಗಂಟೆಗೆ ಏಳ್ತೀಯಪ್ಪ?" ಎಂದೆ. ನಾಲ್ಕಕ್ಕಂತೆ, ಅಪ್ಪನ ಜೊತೆ ಮನೆಮನೆಗೆ ಹಾಲು ಹಾಕಲು.

ಅತ್ತೆಯವರು ಮಾತ್ರ "ಪಾಪ, ಕೆರೆಗೆ ಬಿಟ್ಟುಬಿಡವ್ವ, ಪುಣ್ಯ ಬರುತ್ತೆ" ಎನ್ನುತ್ತಲೇ ಇದ್ದರು. ಈ ಊರಿನ ಕೆರೆ ಅದರ ಮನೆಯಲ್ಲ ಎಂದು ಅವರಿಗೆ ವಿವರಿಸಿದೆ. ಇಷ್ಟುದ್ದ ಬಾಲ ಹೊತ್ತು ಓಡಲಾರದು, ಹಕ್ಕಿಗೋ ದೊಡ್ಡ ಮೀನಿಗೋ ತುತ್ತಾಗುತ್ತದೆ, ಬದುಕಿ ಉಳಿದರೆ ಕೆರೆಯ ಮೀನುಗಳಿಗೆ ತೊಂದರೆ. ಬಿಡುವುದರಿಂದ ಹಗುರಾಗುವುದು ನನ್ನ ಮನಸ್ಸು ಮಾತ್ರ. ಜೀವಿಗಳ ವ್ಯಾಪಾರವನ್ನು ಬುದ್ಧರು ಉಪಾಸಕರಿಗೆ ಬೇಡವೆಂದಿದ್ದಾರೆ. ಕೊಂಡವರೂ ಆ ವ್ಯಾಪಾರದ ಒಂದು ತುದಿಯೇ ಅಲ್ಲವೇ ಎಂದು ಮಗಳಿಗೆ ಹೇಳಿದೆ. ಅವಳು ಬಹಳ ಹೊತ್ತು ಯೋಚಿಸಿ, "ಇದಾದ ಮೇಲೆ ಬೇರೆ ತರೋದು ಬೇಡಮ್ಮ. ಇದನ್ನ ಮಾತ್ರ ಚೆನ್ನಾಗಿ ನೋಡ್ಕೊಳ್ಳೋಣ" ಎಂದಳು.

ನಿನ್ನೆ ರಾತ್ರಿ 26 ಡಿಗ್ರಿ ಇತ್ತು. ಮೀನು ಇನ್ನೂ ಹೆಚ್ಚು ಹೊತ್ತು ಎಲೆಯ ಕೆಳಗೇ ಇರುತ್ತದೆ, ಬಾಲದ ಅಂಚು ಒಂದು ಕಡೆ ಹರಿದಿದೆ. ಆದರೆ ಕಾಳು ಹಾಕುವಾಗ ತಾನೇ ಮೇಲೆ ಬಂತು. ಕನ್ನಡಿ ಬಚ್ಚಲಮನೆಗೆ ಹೋಯಿತು.

ಈ ಭಾನುವಾರ ವರ್ಗಕ್ಕೆ ಬರುತ್ತೇನೆ. ನೀರು ಬದಲಿಸುವ ದಿನ, ಹತ್ತು ನಿಮಿಷ ತಡವಾದೀತು. ನನಗಾಗಿ ಕಾಯಬೇಡಿ, ಆರಂಭಿಸಿ.

ನಮೋ ಬುದ್ಧಾಯ, ಜೈ ಭೀಮ್ 🙏