ಕ್ರಯ ಎಷ್ಟು, ಬೆಲೆ ಎಷ್ಟು?

ತತ್ವಶಾಸ್ತ್ರ ಎಂಬ ಪದ ಕಂಡೊಡನೆ ಪುಟ ಮಗುಚುವವರು ನಿಮ್ಮಲ್ಲಿ ಬಹಳ ಮಂದಿ ಎಂದು ನನಗೆ ಗೊತ್ತು. ಒಮ್ಮೆ ವಾಳೆಯ ಕೂಟದಲ್ಲಿ 'ಮೌಲ್ಯ ಎಂದರೇನು?' ಎಂದು ನಾನು ಮಾತು ತೆಗೆದಾಗ, ಹಿಂದೆ ಕುಳಿತಿದ್ದ ಹಿರಿಯರೊಬ್ಬರು, "ಅದೆಲ್ಲ ಸೆಮಿನರಿಯಲ್ಲಿ ಕಲಿತವರಿಗೆ ಮಾರಾಯ್ರೆ, ನಮಗೆ ಅಡಿಕೆಯ ಧಾರಣೆ ಗೊತ್ತಿದ್ದರೆ ಸಾಕು" ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ, ಆದರೆ ಬಿಡಲಿಲ್ಲ.

"ಅಡಿಕೆ ಯಾಕೆ ಬೆಳೆಯುತ್ತೀರಿ?" ಎಂದು ಕೇಳಿದೆ. ಹಣಕ್ಕೆ ಎಂದರು. ಹಣ ಯಾಕೆ? ಮೊಮ್ಮಗಳ ಕಾಲೇಜಿಗೆ. ಕಾಲೇಜು ಯಾಕೆ? ಅವಳು ಚೆನ್ನಾಗಿರಲಿ ಎಂದು. "ಅವಳು ಚೆನ್ನಾಗಿರುವುದು ಯಾತಕ್ಕೆ?" ಎಂದಾಗ ಅವರಿಗೆ ಸಿಟ್ಟೇ ಬಂತು. "ಇದೆಂಥ ಪ್ರಶ್ನೆ!" ಎಂದರು. ಆ ಸಿಟ್ಟಿನಲ್ಲಿ ಅವರು, ಸುಮಾರು 2,300 ವರ್ಷಗಳ ಹಿಂದೆ ಗ್ರೀಸಿನ ಅರಿಸ್ಟಾಟಲ್ ತಲಪಿದ್ದ ಜಾಗಕ್ಕೇ ಬಂದು ಮುಟ್ಟಿದ್ದರು. ಇನ್ನೊಂದಕ್ಕಾಗಿ ಬೇಕಾದವು ಹಲವು. ಆದರೆ ತನಗಾಗಿಯೇ ಬೇಕಾದದ್ದು ಏನಾದರೂ ಇರಬೇಕು, ಇಲ್ಲವಾದರೆ ಈ 'ಯಾಕೆ'ಗಳಿಗೆ ಕೊನೆಯೇ ಇಲ್ಲ.

ನಮ್ಮ ಊರ ಮಾತೇ ಇದನ್ನು ಬಲ್ಲದು. ಬಂಟ್ವಾಳ ಪೇಟೆಯಲ್ಲಿ ಮೀನಿಗೆ, ಬಟ್ಟೆಗೆ "ಕ್ರಯ ಎಷ್ಟು?" ಎಂದು ಕೇಳುತ್ತೇವೆ. ಸಜ್ಜನರೊಬ್ಬರ ಬಗ್ಗೆಯಾದರೆ "ಅವರ ಮಾತಿಗೆ ಬೆಲೆ ಇದೆ" ಎನ್ನುತ್ತೇವೆ. "ಅವರ ಮಾತಿಗೆ ಕ್ರಯ ಇದೆ" ಎಂದು ಹೇಳಿನೋಡಿ, ಲಂಚ ತಿನ್ನುವವರು ಎಂದಾಗುತ್ತದೆ! ಜರ್ಮನಿಯ ಇಮ್ಮಾನುವೆಲ್ ಕಾಂಟ್ 1785ರಲ್ಲಿ ಬರೆದ ನೀತಿಗ್ರಂಥದಲ್ಲಿ ಇದೇ ಭೇದವನ್ನು ಮಾಡುತ್ತಾನೆ. ಯಾವುದರ ಬದಲಿಗೆ ಅಷ್ಟೇ ಸಮನಾದ ಇನ್ನೊಂದನ್ನು ಇಡಬಹುದೋ ಅದಕ್ಕೆ ಕ್ರಯ. ಯಾವುದಕ್ಕೆ ಬದಲಿಯೇ ಇಲ್ಲವೋ ಅದಕ್ಕೆ ಘನತೆ.

ಮೂಡುಬಿದಿರೆಗೆ ಹೋದಾಗ ಇದು ನನಗೆ ಇನ್ನಷ್ಟು ಸ್ಪಷ್ಟವಾಯಿತು. ಅಲ್ಲಿನ ಜೈನರು ಧವಳಾ ಮೊದಲಾದ ತಾಳೆಗರಿ ಗ್ರಂಥಗಳನ್ನು ಶತಮಾನಗಳ ಕಾಲ ಬಸದಿಯಲ್ಲಿ ಕಾಪಾಡಿಕೊಂಡು ಬಂದರು. ಓದಿದವರಿಗಿಂತ ಕಂಡು ಕೈಮುಗಿದವರೇ ಹೆಚ್ಚು. 1939ರಿಂದ ಧವಳಾ ಸಂಪುಟಗಳಾಗಿ ಅಚ್ಚಾಗತೊಡಗಿತು. ಹಾಗಾದರೆ ಒಳಗಿನ ವಿಷಯ ಈಗ ಕಾಗದದಲ್ಲಿ ಸಿಗುತ್ತದಲ್ಲ, ಆ ಹಳೆಯ ಗರಿಗಳು ಇನ್ನೇಕೆ? ಈ ಪ್ರಶ್ನೆ ಕೇಳಲು ಜೈನರಲ್ಲದ ನಮಗೂ ನಾಲಗೆ ಏಳುವುದಿಲ್ಲ.

ಗರಿಗಳ ಬಗ್ಗೆ ಏಳದ ನಾಲಗೆ ಮನುಷ್ಯರ ಬಗ್ಗೆ ಏಳುತ್ತದೆ, ನೋಡಿ. ಆಸ್ತಿ ಪಾಲಾಗುವಾಗ ಹಾಸಿಗೆ ಹಿಡಿದ ಅಪ್ಪ ಒಂದು ಖರ್ಚಿನ ಬಾಬ್ತಾಗುತ್ತಾರೆ. "ಇನ್ನು ಅವರಿಂದೇನು ಪ್ರಯೋಜನ?" ಎಂಬ ಮಾತು, ಬಾಯಿಯಲ್ಲಿ ಅಲ್ಲದಿದ್ದರೂ ಲೆಕ್ಕದಲ್ಲಿ ಬಂದುಬಿಡುತ್ತದೆ. ಬೆಳ್ತಂಗಡಿ ಕಡೆಯ ಮನೆಯ ಜಗಲಿಯಲ್ಲಿ ಬೀಡಿ ಕಟ್ಟುವ ತಾಯಿಗೆ ಸಾವಿರ ಬೀಡಿಗೆ ಇಷ್ಟು ಎಂಬ ಕ್ರಯವಿದೆ. ಅದೇ ತಾಯಿ ರಾತ್ರಿಯಿಡೀ ಜ್ವರದ ಮಗುವಿನ ಪಕ್ಕದಲ್ಲಿ ಕುಳಿತದ್ದಕ್ಕೆ ಕ್ರಯವಿಲ್ಲ. ಬೀಡಿಯನ್ನು ಪಕ್ಕದ ಮನೆಯವರೂ ಕಟ್ಟಿಯಾರು. ಆದರೆ ಮಗು ಕತ್ತಲಲ್ಲಿ ಕೈಚಾಚಿ ಹುಡುಕುವುದು ಅವಳನ್ನೇ. ಹಾಗೆಂದು, "ತಾಯಿಯ ದುಡಿಮೆಗೆ ಬೆಲೆ ಕಟ್ಟಲಾಗದು" ಎಂದು ಹೊಗಳಿ ಕೈತೊಳೆದುಕೊಳ್ಳುವ ಗಂಡಸರನ್ನು ನಾನು ಒಪ್ಪುವುದಿಲ್ಲ. ಘನತೆಯ ಹೆಸರಿನಲ್ಲಿ ಕೂಲಿ ತಪ್ಪಿಸುವುದು ಹಳೆಯ ಉಪಾಯ.

ಈಗಲೂ ತತ್ವಶಾಸ್ತ್ರ ಬೇಡವೆನ್ನುವಿರಾದರೆ, ಇಂದು ರಾತ್ರಿ ಊಟದ ಹೊತ್ತಿಗೆ ಒಂದೇ ಪ್ರಶ್ನೆ ಕೇಳಿನೋಡಿ. ನಮ್ಮ ಕಡೆ ನೆರೆ ಹೊಸತಲ್ಲ. 1923ರಲ್ಲಿ, ಮತ್ತೆ 1974ರಲ್ಲಿ ನೇತ್ರಾವತಿ ಉಕ್ಕಿ ಬಂಟ್ವಾಳ ಪೇಟೆಯನ್ನು ಮುಳುಗಿಸಿದಳು. 2019ರಲ್ಲಿ ಬೆಳ್ತಂಗಡಿ ತಾಲೂಕು ಕಂಡದ್ದು ನಮಗೆಲ್ಲ ನೆನಪಿದೆ. ನೀರು ಮೆಟ್ಟಲು ಹತ್ತುತ್ತಿದೆ, ಸಮಯವಿಲ್ಲ. ನೀವು ಮೊದಲು ಏನನ್ನು ಹೊರಗೆ ತರುವಿರಿ?

ನನಗೆ ಪರಿಚಯದ ಒಂದು ಮನೆಯಲ್ಲಿ ಇದನ್ನು ಕೇಳಿದೆ. ಮಗ ಆಸ್ತಿಯ ಕಾಗದಪತ್ರ ಎಂದ. ಸೊಸೆ ಕರಿಮಣಿ ಸರ ಹೇಗೂ ಕೊರಳಲ್ಲಿದೆ, ಮದುವೆಯ ಆಲ್ಬಮ್ ಎಂದಳು. ಎರಡನೇ ತರಗತಿಯ ಹುಡುಗ ಎಲ್ಲರನ್ನೂ ದುರುಗುಟ್ಟಿ ನೋಡಿ, "ಅಜ್ಜಿಯನ್ನು!" ಎಂದ. ಎರಡು ವರ್ಷದಿಂದ ಮಲಗಿದ್ದ ಅಜ್ಜಿ ಒಳಕೋಣೆಯಿಂದಲೇ ಕೂಗಿದರು: "ನಾನು ಇರಲಿ ಪುಟ್ಟಾ, ಮೊದಲು ಹೋಗಿ ಹಟ್ಟಿಯ ದನದ ಹಗ್ಗ ಬಿಚ್ಚು."