ತಾನಾಗಿ ಕರಗಿದ ಗಡ್ಡೆ

ಕ್ಯಾನ್ಸರ್ ಎಂಬ ಮಾತು ಬಂದ ದಿನವೇ ಮನೆಯಲ್ಲಿ ಊಟ ರುಚಿಸುವುದಿಲ್ಲ. ಹುಕ್ಕೇರಿ, ಸಂಕೇಶ್ವರ, ಗೋಕಾಕ ಕಡೆಯ ಜನ ರೋಗಿಯನ್ನು ಕರೆದುಕೊಂಡು ಬೆಳಗಾವಿಗೋ, ಮಿರಜಿಗೋ, ಹುಬ್ಬಳ್ಳಿಗೋ ಅಲೆಯುತ್ತಾರೆ. ಹೊಲ ಅಡವು ಬೀಳುತ್ತದೆ. ಜಪಸರ, ನವೇನ, ಹರಕೆ ಎಲ್ಲವೂ ನಡೆಯುತ್ತವೆ. ಇಂತಹ ಮನೆಗೆ "ಎಲ್ಲೋ ಒಬ್ಬರಿಗೆ ಔಷಧವಿಲ್ಲದೆ ಗಡ್ಡೆ ಕರಗಿಹೋಯಿತಂತೆ" ಎಂಬ ಸುದ್ದಿ ಬಂದರೆ ಅದನ್ನು ಹೇಗೆ ತೆಗೆದುಕೊಳ್ಳಬೇಕು?

ಸುದ್ದಿ ಸುಳ್ಳಲ್ಲ. ಮರ್ಕೆಲ್ ಕಣದ ಕ್ಯಾನ್ಸರ್ ಎಂಬ ಅಪರೂಪದ ಚರ್ಮರೋಗವಿದೆ. ಅಮೇರಿಕದ ವೈದ್ಯ ಟೋಕರ್ ಇದನ್ನು 1972ರಲ್ಲಿ ಗುರುತಿಸಿದರು. ಹೆಚ್ಚಾಗಿ ವಯಸ್ಸಾದವರಿಗೆ, ಬಿಸಿಲು ಬೀಳುವ ಮುಖ, ತಲೆ, ಕುತ್ತಿಗೆ, ತೋಳುಗಳಲ್ಲಿ, ಕೆಂಪಗಿನ, ನೋವಿಲ್ಲದ ಗಂಟಾಗಿ ಬಂದು ವಾರಗಳಲ್ಲೇ ಬೆಳೆಯುತ್ತದೆ. ಬಹಳ ಕ್ರೂರವಾದ ರೋಗ. ಆದರೂ ಪರೀಕ್ಷೆಗೆಂದು ಒಂದು ಚೂರು ಮಾಂಸ ತೆಗೆದ ಮೇಲೆ, ಬೇರಾವ ಚಿಕಿತ್ಸೆಯೂ ಇಲ್ಲದೆ ಇಡೀ ಗಡ್ಡೆ ಮಾಯವಾದ ಪ್ರಕರಣಗಳನ್ನು 1980ರ ದಶಕದಿಂದ ವೈದ್ಯರೇ ಬರೆದಿಟ್ಟಿದ್ದಾರೆ. ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಆ ಜಾಗದಲ್ಲಿ ರೋಗದೊಡನೆ ಹೋರಾಡುವ ಬಿಳಿರಕ್ತಕಣಗಳು ಮುತ್ತಿಕೊಂಡಿರುವುದು ಕಂಡಿದೆ. ಮಲಗಿದ್ದ ಕಾವಲುಗಾರ ಎದ್ದುಬಿಟ್ಟಂತೆ! ಏಕೆ ಎದ್ದ, ಇನ್ನೊಬ್ಬರ ದೇಹದಲ್ಲಿ ಏಕೆ ಏಳಲಿಲ್ಲ ಎಂಬುದು ಇನ್ನೂ ಪೂರ್ತಿ ಬಗೆಹರಿದಿಲ್ಲ.

ಹಾಗಾದರೆ ಇದು ಪವಾಡವೇ? ಈ ವಿಷಯದಲ್ಲಿ ನಮ್ಮ ಭಕ್ತರಿಗಿಂತ ಧರ್ಮಸಭೆಯೇ ಹೆಚ್ಚು ಬಿಗಿ. ಮುಂದೆ ಹದಿನಾಲ್ಕನೆಯ ಬೆನೆಡಿಕ್ಟ್ ಎಂಬ ಹೆಸರಿನಿಂದ ಪೋಪ್ ಆದ ಲಂಬರ್ತೀನಿಯವರು 1730ರ ದಶಕದಲ್ಲೇ ನಿಯಮ ಬರೆದರು: ರೋಗ ಕಠಿಣವಾಗಿರಬೇಕು, ತಾನಾಗಿ ಇಳಿಯುವ ಹಂತದಲ್ಲಿರಬಾರದು, ಗುಣವಾಗುವುದು ಥಟ್ಟನೆ, ಪೂರ್ಣವಾಗಿ, ಮತ್ತೆ ಬರದಂತೆ ಆಗಬೇಕು. ಲೂರ್ದಿನಲ್ಲಿ ಏಳು ಸಾವಿರಕ್ಕೂ ಮಿಕ್ಕಿ ಗುಣವಾದ ವರದಿಗಳು ದಾಖಲಾಗಿದ್ದರೂ, ಧರ್ಮಸಭೆ ಪವಾಡವೆಂದು ಒಪ್ಪಿರುವುದು ಸುಮಾರು ಎಪ್ಪತ್ತನ್ನು ಮಾತ್ರ. ವಾರವಾರಕ್ಕೆ ಕುಗ್ಗುತ್ತಾ ಹೋಗುವ ಮರ್ಕೆಲ್ ಗಡ್ಡೆ ಈ ಜರಡಿಯಲ್ಲಿ ನಿಲ್ಲುವುದು ಕಷ್ಟ.

ಹಾಗೆಂದರೆ ದೇವರಿಗೂ ಅದಕ್ಕೂ ಸಂಬಂಧವಿಲ್ಲವೆಂದೇ? ಕೆಲವರು ಹೀಗೆ ಭಾಗ ಹಂಚುತ್ತಾರೆ: ರಕ್ತಕಣ ಮಾಡಿದ್ದು ಪ್ರಕೃತಿಯದು, ವಿವರಣೆ ಸಿಗದ್ದು ದೇವರದು. ಆಗ ವಿಜ್ಞಾನ ಒಂದು ಹೆಜ್ಜೆ ಇಟ್ಟಾಗಲೆಲ್ಲ ದೇವರು ಒಂದು ಹೆಜ್ಜೆ ಹಿಂದೆ ಸರಿಯಬೇಕಾಗುತ್ತದೆ. ಸಂತ ಥಾಮಸ್ ಅಕ್ವಿನಾಸ್ ಈ ಪಾಲುದಾರಿಕೆಯನ್ನು ಒಪ್ಪಲಿಲ್ಲ. ಒಂದೇ ಕಾರ್ಯ ಪೂರ್ತಿಯಾಗಿ ಪ್ರಕೃತಿಯಿಂದಲೂ ಪೂರ್ತಿಯಾಗಿ ದೇವರಿಂದಲೂ ಆಗಬಲ್ಲದು ಎಂದರು. ಆದ್ದರಿಂದ ಗುಣವಾದವರು ಪವಾಡವೆಂಬ ಮುದ್ರೆಗೆ ಕಾಯದೆ ಕೃತಜ್ಞತೆಯ ಪೂಜೆ ಹೇಳಿಸಬಹುದು. ವೈದ್ಯರು ಕಾರಣ ಹುಡುಕಿದರೆ ಅದು ಅವಿಶ್ವಾಸವೂ ಅಲ್ಲ. 2008ರಲ್ಲಿ ಈ ಗಡ್ಡೆಗಳಲ್ಲಿ ಒಂದು ವೈರಸ್ ಪತ್ತೆಯಾಯಿತು. ದೇಹದ ಕಾವಲನ್ನು ಎಬ್ಬಿಸುವ ಔಷಧವೊಂದಕ್ಕೆ 2017ರಲ್ಲಿ ಅಮೇರಿಕದಲ್ಲಿ ಈ ರೋಗಕ್ಕೆಂದೇ ಒಪ್ಪಿಗೆ ಸಿಕ್ಕಿತು. ಎಲ್ಲರೂ "ಪವಾಡ" ಎಂದು ಕೈಮುಗಿದು ಕಡತ ಮುಚ್ಚಿದ್ದರೆ ಇದಾಗುತ್ತಿತ್ತೇ?

ನನ್ನನ್ನು ಹೆಚ್ಚು ಕಾಡುವುದು ಗುಣವಾಗದವರ ಮನೆ. ಒಬ್ಬರ ಗಡ್ಡೆ ಕರಗಿದ ಸುದ್ದಿ ಹಿಡಿದು ಪಕ್ಕದ ಮನೆಯ ರೋಗಿಯ ಬಳಿ ಹೋಗಿ "ನಿಮ್ಮ ವಿಶ್ವಾಸ ಸಾಲದು" ಎನ್ನುವವರಿದ್ದಾರೆ. ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ, ಆದರೆ ಅದು ಕ್ರೌರ್ಯ. ತಾನಾಗಿ ಕರಗಿದ ಗಡ್ಡೆಯನ್ನು ಯಾರೂ ಸಂಪಾದಿಸಿದ್ದಲ್ಲ. ಸಂಪಾದಿಸದ್ದನ್ನು ಪಡೆಯದವರು ತಪ್ಪಿತಸ್ಥರಾಗುವುದು ಹೇಗೆ? ಸಂತ ಪೌಲನು ತನ್ನ ಮುಳ್ಳು ನೀಗಲೆಂದು ಮೂರು ಸಲ ಬೇಡಿದರೂ ಅದು ಹೋಗಲಿಲ್ಲ. ಅವನ ವಿಶ್ವಾಸವನ್ನು ಅಳೆಯುವ ಧೈರ್ಯ ನಮಗುಂಟೇ? ಇತ್ತ ಹತ್ತು ಕುಷ್ಠರೋಗಿಗಳಲ್ಲಿ ಒಬ್ಬನೇ ಹಿಂದಿರುಗಿ ಬಂದ. ಹೇಳದೆ ಹೋದ ಒಂಬತ್ತು ಮಂದಿಯೂ ಶುದ್ಧರಾಗಿದ್ದರು.

ಇನ್ನೊಂದು ಮಾತು. ಇಂತಹ ಸುದ್ದಿ ನಂಬಿ ಆಪರೇಷನ್ ಮುಂದೂಡಬೇಡಿ. ಕರಗುವುದು ಅತಿ ವಿರಳ, ಹರಡುವುದೇ ಸಾಮಾನ್ಯ. ವೈದ್ಯನನ್ನು ಗೌರವಿಸು, ಅವನೂ ದೇವರ ಸೃಷ್ಟಿ ಎಂಬ ಬೋಧೆ ಸಿರಾಖನ ಗ್ರಂಥದ 38ನೆಯ ಅಧ್ಯಾಯದಲ್ಲಿದೆ. ಮನೆಯ ಹಿರಿಯರ ಮುಖದಲ್ಲೋ ತೋಳಿನಲ್ಲೋ ನೋವಿಲ್ಲದ ಗಂಟು ಬೇಗ ಬೆಳೆಯುತ್ತಿದ್ದರೆ ಹಬ್ಬ ಮುಗಿಯಲಿ, ಕಬ್ಬು ಕಡಿದಾಗಲಿ ಎಂದು ಕಾಯದೆ ತೋರಿಸಿ. ಗಡ್ಡೆ ತಾನಾಗಿ ಕರಗಿದವರೂ ತಪಾಸಣೆಗೆ ಹೋಗುತ್ತಲೇ ಇರಬೇಕು, ಮರುಕಳಿಸಿದ್ದೂ ಉಂಟು.