ತೆರೆಗೆ ಹಿಂಬದಿಯಿಲ್ಲ

ಕಳೆದ ವರ್ಷ ಧಾರವಾಡದಲ್ಲಿ, ಜವಳಿ ವಿನ್ಯಾಸ ಕಲಿಯುವ ಮಕ್ಕಳಿಗೆ ವಾರಕ್ಕೆರಡು ತರಗತಿ ತೆಗೆದುಕೊಳ್ಳುವ ಕೆಲಸ ಸಿಕ್ಕಿತು. ನನ್ನ ಪಿಎಚ್.ಡಿ. ಇರುವುದು ಕಲಾಮೀಮಾಂಸೆಯಲ್ಲಿ. ಹೊಲಿಗೆ ಬಂದದ್ದು ಅಜ್ಜಿಯಿಂದ, ಅದೂ ಅರ್ಧಂಬರ್ಧ. ಕಸೂತಿಯ ನಕ್ಷೆಗಳನ್ನು ಮೊದಲು ಗ್ರಾಫ್ ಹಾಳೆಯ ಮೇಲೆ ಬರೆಸಿ, ನಂತರ ಕಂಪ್ಯೂಟರ್‌ನಲ್ಲಿ ಮಾಡಿಸುವುದು ಪಾಠದ ಕ್ರಮ. ಮೊದಲ ದಿನವೇ ಒಬ್ಬಳು ಕೇಳಿದಳು: "ಮೇಡಂ, ಹೆಂಗೂ ಕಂಪ್ಯೂಟರ್‌ನ್ಯಾಗ ಮಾಡೂದ ಐತಿ, ಮತ್ತ ಈ ಹಾಳಿ ಯಾಕ್ರಿ?"

ಕೈಯಿಂದ ಬರೆದರೆ ಕಣ್ಣು ಪಳಗುತ್ತದೆ ಎಂದು ಎಲ್ಲ ಮೇಷ್ಟರೂ ಹೇಳುವ ಉತ್ತರವನ್ನೇ ನಾನೂ ಹೇಳಿದೆ. ಹೇಳುವಾಗಲೇ ಅದು ಪೊಳ್ಳು ಎನಿಸಿತು. ಯಾಕೆಂದರೆ ಕಸೂತಿ ಹಾಕುತ್ತಿದ್ದ ಹಳೆಯ ಹೆಂಗಸರು ಹಾಳೆಯ ಮೇಲೂ ಬರೆಯುತ್ತಿರಲಿಲ್ಲ, ಸೀರೆಯ ಮೇಲೂ ಗೆರೆ ಎಳೆಯುತ್ತಿರಲಿಲ್ಲ. ಇಳಕಲ್ ಸೀರೆಯ ಹಾಸು ಹೊಕ್ಕಿನ ಎಳೆಗಳನ್ನು ಎಣಿಸುತ್ತ ಹೋದಂತೆ ಗೋಪುರ, ತೇರು, ಆನೆ, ತುಳಸಿಕಟ್ಟೆ ಮೂಡುತ್ತಿದ್ದವು. ಅಲ್ಲಿ ಚಿತ್ರ ಬೇರೆ, ಹೊಲಿಗೆ ಬೇರೆ ಎಂಬುದೇ ಇರಲಿಲ್ಲ.

ಗವಂತಿ, ಮುರ್ಗಿ, ನೇಯ್ಗಿ, ಮೆಂಥಿ ಎಂದು ಕಸೂತಿಯಲ್ಲಿ ನಾಲ್ಕು ಬಗೆಯ ಹೊಲಿಗೆ. ನನ್ನ ತಲೆ ಕೆಡಿಸಿದ್ದು ಗವಂತಿ. ಸೂಜಿ ಒಂದು ಹೆಜ್ಜೆ ಬಟ್ಟೆಯ ಮೇಲೆ, ಒಂದು ಹೆಜ್ಜೆ ಕೆಳಗೆ ಇಡುತ್ತ ಹೋಗುತ್ತದೆ. ವಾಪಸು ಬರುವಾಗ ಅದೇ ದಾರಿಯಲ್ಲಿ ಬಿಟ್ಟ ಜಾಗಗಳನ್ನು ತುಂಬುತ್ತ ಬರುತ್ತದೆ. ನಡುವೆ ಟೊಂಗೆ ಬಂದರೆ ಅದರ ತುದಿಯವರೆಗೆ ಹೋಗಿ, ತುಂಬಿಕೊಂಡು ಬಂದು, ಮುಂದೆ ಸಾಗಬೇಕು. ಕೊನೆಗೆ ದಾರ ಹೊರಟಲ್ಲಿಗೇ ಬರುತ್ತದೆ. ಗಂಟಿಲ್ಲ. ಬಟ್ಟೆ ಹೊರಳಿಸಿದರೆ ಹಿಂದೆಯೂ ಅದೇ ಆನೆ.

ಇದರ ಹಿಂದೊಂದು ಗಣಿತವಿದೆ. ಕೋನಿಗ್ಸ್‌ಬರ್ಗ್ ನಗರದ ಏಳು ಸೇತುವೆಗಳನ್ನು ತಲಾ ಒಂದೇ ಸಲ ದಾಟಿ ಊರು ಸುತ್ತುವುದು ಸಾಧ್ಯವಿಲ್ಲ ಎಂದು ಆಯ್ಲರ್ 1736ರ ಸುಮಾರಿಗೆ ತೋರಿಸಿದ. ಆದರೆ ಪ್ರತಿ ಸೇತುವೆಯನ್ನೂ ಹೋಗುತ್ತ ಒಮ್ಮೆ, ಬರುತ್ತ ಒಮ್ಮೆ ದಾಟಬಹುದು ಎಂದರೆ ಸಮಸ್ಯೆಯೇ ಉಳಿಯುವುದಿಲ್ಲ. ಎಲ್ಲ ದಾರಿ ಮುಗಿಸಿ ಮನೆಗೆ ಬರಬಹುದು. ಗವಂತಿಯ ದಾರ ಮಾಡುವುದು ಇದನ್ನೇ. ಷರತ್ತು ಒಂದೇ: ನಕ್ಷೆ ಎಲ್ಲೂ ಕಡಿದಿರಬಾರದು.

ಆ ಹುಡುಗಿ ತೆರೆಯ ಮೇಲೆ ಮಾಡಿದ ಆನೆ ತರಗತಿಯಲ್ಲೇ ಚೆಂದದ್ದು. ಮುಖದ ನಡುವೆ ಒಂಟಿ ಚೌಕದ ಕಣ್ಣು, ಸುತ್ತ ಬಿಡಿಬಿಡಿ ಚುಕ್ಕಿಗಳು. ಒಂದು ಆನೆ ಮಾಡಿ ಕಾಪಿ-ಪೇಸ್ಟ್ ಒತ್ತಿದಳು. ಚಹಾ ಕುಡಿದು ಮುಗಿಸುವಷ್ಟರಲ್ಲಿ ಸೆರಗಿನ ತುಂಬ ನಲವತ್ತು ಆನೆ! ನಾನೂ ಹೊಗಳಿದೆ, ಅಂಕವನ್ನೂ ಕೊಟ್ಟೆ.

ಅದರ ಪ್ರಿಂಟ್ ಹಿಡಿದುಕೊಂಡು ನಾವಿಬ್ಬರೂ, ಅಂಗಡಿಗಳಿಗೆ ಕಸೂತಿ ಹಾಕಿಕೊಡುವ ಹಿರಿಯ ಹೆಣ್ಣುಮಗಳೊಬ್ಬರ ಮನೆಗೆ ಹೋದೆವು. ಅವರು ಕನ್ನಡಕ ಏರಿಸಿ ನೋಡಿದರು. ಚೆಂದ ಐತಿ ಎಂದರು. ಆಮೇಲೆ ಆನೆಯ ಕಣ್ಣಿನ ಮೇಲೆ ಬೆರಳಿಟ್ಟು, "ತಂಗಿ, ಇಲ್ಲಿಗೆ ನಾ ಎಲ್ಲಿಂದ ಬರ್ಲಿ? ಹಾರಿ ಬರ್ಲೇನು?" ಎಂದರು.

ಹುಡುಗಿಗೆ ತಕ್ಷಣ ತಿಳಿಯಲಿಲ್ಲ. ನನಗೆ ತಿಳಿದು ನಾಚಿಕೆಯಾಯಿತು. ಕಣ್ಣಿಗೆ ಹೋಗಲು ದಾರಿಯೇ ಇಲ್ಲ. ಒಂದೋ ಹಿಂದೆ ದಾರ ಹಾಯಿಸಬೇಕು, ಇಲ್ಲವೇ ಪ್ರತಿ ಚುಕ್ಕಿಗೂ ಬೇರೆ ದಾರ ಪೋಣಿಸಿ ಅದರ ಎರಡು ತುದಿ ಅಡಗಿಸಬೇಕು. ಅವರಿಗೆ ಕೂಲಿ ಸಿಗುವುದು ನಕ್ಷೆಯ ಲೆಕ್ಕದಲ್ಲಿ, ತಾಸಿನ ಲೆಕ್ಕದಲ್ಲಲ್ಲ. ಹುಡುಗಿಯ ಒಂದು ಕ್ಲಿಕ್ಕು ಅವರ ಕಣ್ಣಿಗೆ ಎಷ್ಟು ಸಂಜೆಗಳಾಗುತ್ತಿತ್ತೋ.

ತಪ್ಪು ಕಂಪ್ಯೂಟರಿನದು ಎಂದು ಬರೆದುಬಿಟ್ಟರೆ ಈ ಪ್ರಬಂಧ ಇಲ್ಲಿಗೇ ಮುಗಿಯುತ್ತದೆ. ಆದರೆ ಅದೇ ಆನೆಯನ್ನು ಅವಳು ಗ್ರಾಫ್ ಹಾಳೆಯ ಮೇಲೂ ಹಾಗೆಯೇ ಬರೆದಿದ್ದಳಲ್ಲ! ತೆರೆಗೆ ಹಿಂಬದಿಯಿಲ್ಲ, ನಿಜ. ಹಾಳೆಯ ಹಿಂಬದಿಯನ್ನೂ ಯಾರೂ ನೋಡುವುದಿಲ್ಲ. ಅಲ್ಲದೆ ಕಂಪ್ಯೂಟರ್ ಮಗ್ಗಕ್ಕೆ ಹೊರಗಿನದೇನಲ್ಲ. 1804ರಲ್ಲಿ ಜಾಕಾರ್ಡ್ ರೂಪಿಸಿದ ಮಗ್ಗದಲ್ಲಿ ರಂಧ್ರದ ರಟ್ಟುಗಳು ಯಾವ ಎಳೆ ಏಳಬೇಕೆಂದು ಹೇಳುತ್ತಿದ್ದವು. ಬ್ಯಾಬೇಜ್ ತನ್ನ ಲೆಕ್ಕದ ಯಂತ್ರಕ್ಕೆ ಆ ರಟ್ಟಿನ ಉಪಾಯವನ್ನೇ ತೆಗೆದುಕೊಂಡ. ಜಾಕಾರ್ಡನ ಭಾವಚಿತ್ರವೊಂದನ್ನು ಸುಮಾರು 24,000 ರಟ್ಟುಗಳಿಂದ ರೇಷ್ಮೆಯಲ್ಲಿ ನೇಯ್ದಿದ್ದರು. ಬ್ಯಾಬೇಜ್ ಅದರ ಒಂದು ಪ್ರತಿ ಇಟ್ಟುಕೊಂಡಿದ್ದ. ನಕ್ಷೆ ಬರೆಯುವವನೊಬ್ಬ, ರಟ್ಟು ಕೊರೆಯುವವನೊಬ್ಬ, ನೇಯುವವನೊಬ್ಬ ಎಂಬ ಪಾಲು ತೆರೆ ಬರುವುದಕ್ಕೆ ಎಷ್ಟೋ ಮೊದಲೇ ಆಗಿತ್ತು.

ಹಾಗಾದರೆ ನನ್ನನ್ನು ಕಾಡಿದ್ದು ಬೇರೆಯೇ. ತನ್ನ ಸೀರೆಗೆ, ಇಲ್ಲವೇ ಮಗಳ ಮದುವೆಯ ಚಂದ್ರಕಾಳಿಗೆ ತಾನೇ ಕಸೂತಿ ಹಾಕುತ್ತಿದ್ದವಳು ಇನ್ನೊಂದು ಆನೆ ಬೇಕೆಂದರೆ ಅದರ ಬೆಲೆಯನ್ನು ತಾನೇ ತೆರುತ್ತಿದ್ದಳು. ಸಾಕು ಎಂದು ಅವಳ ಬೆರಳೇ ಹೇಳುತ್ತಿತ್ತು. ಈಗ ಬೇಕು ಎನ್ನುವವರು ಒಬ್ಬರು, ಸಾಕಾಗುವವರು ಇನ್ನೊಬ್ಬರು. ಇಂಥ ಕಡೆ ಚೆಂದವಾಗಿದೆಯೇ ಎಂಬ ಪ್ರಶ್ನೆಯ ಜೊತೆಗೆ ಇದು ಯಾರ ಮೈಮೇಲೆ ಬೀಳುತ್ತದೆ ಎಂಬುದನ್ನೂ ಕಲಿಸಬೇಕೇ? ಅದು ವಿನ್ಯಾಸದ ಪಾಠವೋ, ನೀತಿಯ ಪಾಠವೋ?

ಬೇರೆ ಎಂದು ನನಗನ್ನಿಸಲಿಲ್ಲ. ಪ್ರತಿಯೊಬ್ಬರೂ ತಮ್ಮ ನಕ್ಷೆಯಲ್ಲಿ ದಾರ ಹೋಗುವ ದಾರಿಗೆ ತೆರೆಯ ಮೇಲೆಯೇ ಒಂದು, ಎರಡು, ಮೂರು ಎಂದು ಅಂಕಿ ಹಾಕಬೇಕು, ಒಂದು ನಕ್ಷೆಯನ್ನಾದರೂ ಮ್ಯಾಟಿ ಬಟ್ಟೆಯ ಮೇಲೆ ಸ್ವತಃ ಹೊಲಿಯಬೇಕು ಎಂದೆ. ಗೊಣಗಾಟ ಶುರುವಾಯಿತು. ಒಬ್ಬ ಹುಡುಗ ಎದ್ದು ಕೇಳಿದ: "ಹಂಗಾದ್ರ ಆರ್ಕಿಟೆಕ್ಟ್ ಆದವ್ರು ಇಟ್ಟಂಗಿ ಹೊರಬೇಕೇನ್ರಿ, ಮೇಡಂ?" ಎಲ್ಲರೂ ನಕ್ಕರು. ಹೊರಬೇಕಿಲ್ಲ, ಒಮ್ಮೆ ಎತ್ತಿ ನೋಡಿರಬೇಕು ಎಂದೆ. ಅವನಿಗೆ ಅದು ಒಪ್ಪಿಗೆಯಾದಂತೆ ಕಾಣಲಿಲ್ಲ. ಒಂದು ಇಟ್ಟಂಗಿ ಎತ್ತಿದವನಿಗೆ ದಿನವಿಡೀ ಹೊರುವವಳ ಸೊಂಟ ತಿಳಿದೀತೇ ಎಂದು ಅವನು ಮರುಪ್ರಶ್ನೆ ಹಾಕಿದ್ದರೆ ನನ್ನ ಬಳಿ ಉತ್ತರವಿರಲಿಲ್ಲ.

ಹೊಲಿದ ತುಂಡುಗಳನ್ನು ಅವರಿಗೆ ತೋರಿಸಲು ಮತ್ತೆ ಹೋದೆ. ಹುಡುಗಿ ಕಣ್ಣಿಂದ ಹಣೆಪಟ್ಟಿಗೆ ಒಂದು ಗೆರೆ ಎಳೆದಿದ್ದಳು. ಆನೆಗೆ ಆಭರಣವೊಂದು ಹೆಚ್ಚಾಗಿತ್ತು. ಅವರು ಮೆಚ್ಚಿದರು. ನಾನು ಉತ್ಸಾಹದಿಂದ, ಇನ್ನು ಮೇಲೆ ಹಿಂಬದಿಗೂ ಅಂಕ ಕೊಡುತ್ತೇನೆ ಎಂದೆ.

"ಹಿಂದ ಯಾರು ನೋಡ್ತಾರ ಬಿಡ್ರಿ ಅಕ್ಕಾರ," ಎಂದರು. "ಅಂಗಡಿಯವ್ರು ಈಗ ಅಸ್ತರ ಹಚ್ಚಿಸ್ತಾರ. ದಾರ ಹಾಯಿಸಿದ್ರೂ ನಡೀತದ. ಎರಡೂ ಕಡೆ ಒಂದ ಥರ ಬೇಕಂದ್ರ ನನಗ ಮತ್ತ ವ್ಯಾಳ್ಯಾ ಹಿಡೀತದ."

ಅವರ ಶ್ರಮ ಉಳಿಸಲೆಂದು ಹೊರಟವಳು ನಾನು. ಗವಂತಿಯ ಶುದ್ಧ ಹಿಂಬದಿಯ ಮೇಲಿನ ನನ್ನ ಮೋಹವನ್ನೂ ಅವರ ಕೈಯಿಂದಲೇ ತೀರಿಸಿಕೊಳ್ಳಲು ನೋಡುತ್ತಿದ್ದೆನೇ? ಕೂಲಿ ಹೆಚ್ಚಿಸಿದರೆ ಎರಡೂ ಕಡೆ ಒಂದೇ ಥರ ಹಾಕಿಕೊಡುತ್ತೀರಾ ಎಂದು ಕೇಳಿದೆ. ಅವರು ಹುಡುಗಿ ಹೊಲಿದ ತುಂಡನ್ನು ಹೊರಳಿಸಿ, ಒಂದು ಎಳೆ ತಪ್ಪಿದ್ದ ಜಾಗವನ್ನು ಉಗುರಿನಿಂದ ತೋರಿಸಿ, "ಮೊದ್ಲ ಎಷ್ಟ ಕೊಡ್ತಾರ ಕೇಳ್ಕೊಂಡ ಬರ್ರಿ" ಎಂದರು.